ಪೆನ್‌ಡ್ರೈವ್‌ನಲ್ಲಿ ಬಂದ 43 ಸ್ಟೈಲ್ ಫೈಲ್: ಲೇಟೆಕ್ ಪ್ಯಾಕೇಜ್‌ಗಳನ್ನು ಹಾಕೋದು ಹೇಗೆ, ಇಡೋದು ಎಲ್ಲಿ?

ತೋಳಹುಣಸೆ ಬಸ್ · ಭಾನುವಾರ ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ನಾನು ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಥೀಸಿಸ್ ಅನ್ನು ಲೇಟೆಕ್‌ನಲ್ಲಿ (ಆಜ್ಞೆಗಳನ್ನು ಬರೆದು ಪುಟ ಜೋಡಿಸುವ ತಂತ್ರಾಂಶ) ಬರೆಯಲು ಶುರು ಮಾಡಿದಾಗ ಸೀನಿಯರ್ ಒಬ್ಬರು ಪೆನ್‌ಡ್ರೈವ್ ಕೊಟ್ಟು "ಇದರಲ್ಲಿ ಎಲ್ಲಾ ಇದೆ, ಕಾಪಿ ಮಾಡ್ಕೋ" ಅಂದರು. ನಿಜಕ್ಕೂ ಎಲ್ಲಾ ಇತ್ತು. 43 ಸ್ಟೈಲ್ ಫೈಲ್ (ಲೇಟೆಕ್‌ಗೆ ಹೊಸ ಆಜ್ಞೆ ಸೇರಿಸುವ ಪ್ಯಾಕೇಜ್‌ಗಳು ಇರುವುದು ಇವುಗಳಲ್ಲೇ), ಎರಡು ಕ್ಲಾಸ್ ಫೈಲ್ (ದಾಖಲೆಯ ಒಟ್ಟು ರೂಪ ಹೇಳುವವು), ಒಂದು ಬಿಎಸ್‌ಟಿ ಫೈಲ್ (ಗ್ರಂಥಸೂಚಿಯ ರೂಪ ಹೇಳುವುದು), ಯಾರದೋ ಮದುವೆ ಆಮಂತ್ರಣದ ಪಿಡಿಎಫ್. ಮದುವೆ ಬಿಟ್ಟು ಉಳಿದದ್ದನ್ನೆಲ್ಲ ಥೀಸಿಸ್ ಫೋಲ್ಡರ್‌ಗೆ ಸುರಿದೆ. ಹಳೆ ಲ್ಯಾಪ್‌ಟಾಪ್‌ನಲ್ಲಿ ಹೇಗೋ ನಡೆಯಿತು.

ಈಗ ಹೊಸ ಲ್ಯಾಪ್‌ಟಾಪ್. ಉಬುಂಟು 22.04 ಇದೆ, ಅದರ ಆಪ್ಟ್‌ನಿಂದಲೇ (ಉಬುಂಟುವಿನಲ್ಲಿ ತಂತ್ರಾಂಶ ಹಾಕುವ ಸಾಧನ) ಟೆಕ್ ಲೈವ್ (ಲೇಟೆಕ್ ಮತ್ತು ಅದರ ಪ್ಯಾಕೇಜ್‌ಗಳ ದೊಡ್ಡ ಕಟ್ಟು) ಹಾಕಿದೆ. ಎರಡು ತಲೆನೋವು.

ಮೊದಲನೆಯದು, ರಾಸಾಯನಿಕ ಸೂತ್ರ ಬರೆಯುವ ಎಂಎಚ್‌ಕೆಮ್ ಪ್ಯಾಕೇಜ್‌ನ ಫೈಲ್ ಸಿಗುತ್ತಿಲ್ಲ ಅನ್ನುತ್ತದೆ. ನೆಟ್‌ನಲ್ಲಿ ನೋಡಿ 'ಟಿಎಲ್‌ಎಂಜಿಆರ್ ಇನ್‌ಸ್ಟಾಲ್ ಎಂಎಚ್‌ಕೆಮ್' ಕೊಟ್ಟೆ (ಟಿಎಲ್‌ಎಂಜಿಆರ್ ಅಂದರೆ ಟೆಕ್ ಲೈವ್‌ನದ್ದೇ ಪ್ಯಾಕೇಜ್ ಹಾಕುವ ಸಾಧನ). ಯೂಸರ್ ಮೋಡ್ ಸಿದ್ಧವಾಗಿಲ್ಲ ಅಂತ ಬೈಯಿತು. ಅದನ್ನೂ ಸಿದ್ಧ ಮಾಡಿದೆ. ಆಮೇಲೆ "ನಿಮ್ಮ ಟೆಕ್ ಲೈವ್ 2021ರದ್ದು, ರಿಮೋಟ್ ರೆಪಾಸಿಟರಿ ಅದಕ್ಕಿಂತ ಹೊಸದು" ಅಂತ ಹೇಳಿ ನಿಂತುಬಿಟ್ಟಿತು.

ಎರಡನೆಯದು, ಸಂಖ್ಯೆ, ಮಾನ ಬರೆಯುವ ಎಸ್‌ಐಯುನಿಟೆಕ್ಸ್‌ನ ಹೊಸ ಕೈಪಿಡಿ ನೋಡಿ 'ಕ್ಯೂಟಿವೈ' ಆಜ್ಞೆ ಬಳಸಿದರೆ "ಅನ್‌ಡಿಫೈನ್ಡ್ ಕಂಟ್ರೋಲ್ ಸೀಕ್ವೆನ್ಸ್". ಪ್ಯಾಕೇಜ್ ಇದೆ, ಆಜ್ಞೆ ಇಲ್ಲ. ಇದು ಹೇಗೆ?

ಮೊಬೈಲ್‌ನಿಂದ ಕನ್ನಡ ಕೀಬೋರ್ಡ್‌ನಲ್ಲಿ ಬರೆಯುತ್ತಿದ್ದೇನೆ. ಆಜ್ಞೆಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಹೊಂದಿಸಿಕೊಳ್ಳಿ.

ಮಂಡಕ್ಕಿ ಮಿರ್ಚಿ · ಭಾನುವಾರ ರಾತ್ರಿ 10:31

ಸುಮ್ನೆ ಓವರ್‌ಲೀಫ್‌ಗೆ ಹೋಗಿ, ಬ್ರೌಸರ್‌ನಲ್ಲೇ ಲೇಟೆಕ್ ಓಡುತ್ತದೆ. ಅಲ್ಲಿ ಎಲ್ಲಾ ಪ್ಯಾಕೇಜ್ ಇರುತ್ತವೆ.

ತೋಳಹುಣಸೆ ಬಸ್ · ಭಾನುವಾರ ರಾತ್ರಿ 10:34

ಹೋಗಿ ಬಂದೆ. 180 ಪುಟ, ಜೊತೆಗೆ ಚಿತ್ರಗಳು. ಉಚಿತ ಖಾತೆಯಲ್ಲಿ ಕಂಪೈಲ್ (ಪಿಡಿಎಫ್ ಮಾಡುವ ಕೆಲಸ) ಮುಗಿಯುವ ಮೊದಲೇ ಸಮಯ ಮುಗಿಯುತ್ತದೆ. ಹಾಸ್ಟೆಲ್‌ನಲ್ಲಿ ನೆಟ್ ಬೇರೆ ಸಂಜೆಯಾದರೆ ಮಲಗುತ್ತದೆ.

ಕಲ್ಲಿನ ಕೋಟೆ · ಭಾನುವಾರ ರಾತ್ರಿ 11:15

ಚಿತ್ರದುರ್ಗದಿಂದ. ಎರಡನೆಯ ಸಮಸ್ಯೆಯಿಂದ ಶುರು ಮಾಡೋಣ, ಅದರಲ್ಲೇ ಮಜಾ ಇದೆ.

ಲೇಟೆಕ್ ಒಂದು ಪ್ಯಾಕೇಜ್ ಹುಡುಕುವಾಗ ಒಂದೇ ಜಾಗ ನೋಡುವುದಿಲ್ಲ, ಸಾಲಾಗಿ ಹಲವು ಜಾಗ ನೋಡುತ್ತದೆ. ಮೊದಲು ನೀವು ಕೆಲಸ ಮಾಡುತ್ತಿರುವ ಫೋಲ್ಡರ್. ಆಮೇಲೆ ನಿಮ್ಮ ಹೋಮ್‌ನಲ್ಲಿರುವ 'ಟೆಕ್ಸ್‌ಎಂಎಫ್' ಫೋಲ್ಡರ್. ಆಮೇಲೆ ಇಡೀ ಯಂತ್ರಕ್ಕೆ ಸೇರಿದ ಲೋಕಲ್ ಫೋಲ್ಡರ್. ಕೊನೆಗೆ ಟೆಕ್ ಲೈವ್ ಜೊತೆ ಬಂದ ದೊಡ್ಡ ಉಗ್ರಾಣ. ನಮ್ಮ ಏಳು ಸುತ್ತಿನ ಕೋಟೆ ಇದ್ದ ಹಾಗೆ. ಆದರೆ ಇಲ್ಲಿ ಮೊದಲ ಬಾಗಿಲಲ್ಲೇ ಆ ಹೆಸರಿನವನು ಸಿಕ್ಕರೆ ಒಳಗೆ ಹೋಗಿ ವಿಚಾರಿಸುವುದೇ ಇಲ್ಲ.

ನಿಮ್ಮ ಮೊದಲ ಬಾಗಿಲಲ್ಲಿ ಸೀನಿಯರ್‌ನ 43 ಜನ ಕೂತಿದ್ದಾರೆ. ಅವರಲ್ಲಿ ಹಳೆಯ ಎಸ್‌ಐಯುನಿಟೆಕ್ಸ್ ಇದೆ ಅಂತ ನನ್ನ ಗುಮಾನಿ. ಕ್ಯೂಟಿವೈ ಬಂದದ್ದು ಮೂರನೇ ಆವೃತ್ತಿಯಲ್ಲಿ, ಅಂದರೆ 2021ರಲ್ಲಿ. ಅದಕ್ಕೂ ಮೊದಲು ಆ ಕೆಲಸಕ್ಕೆ ಎಸ್‌ಐ ಅನ್ನುವ ಆಜ್ಞೆ ಇತ್ತು. ಉಗ್ರಾಣದಲ್ಲಿ ಎಷ್ಟೇ ಹೊಸದು ತಂದಿಟ್ಟರೂ ಬಾಗಿಲಲ್ಲಿ ಕೂತ ಹಳಬನೇ ಓಗೊಡುತ್ತಾನೆ.

ಥೀಸಿಸ್ ಫೋಲ್ಡರ್‌ನಲ್ಲಿ ಟರ್ಮಿನಲ್ ತೆರೆದು 'ಕೆಪಿಎಸ್‌ಇವಿಚ್', ಒಂದು ಸ್ಪೇಸ್, ಎಸ್‌ಐಯುನಿಟೆಕ್ಸ್ ಚುಕ್ಕಿ ಎಸ್‌ಟಿವೈ ಅಂತ ಟೈಪ್ ಮಾಡಿ. ಯಾವ ಫೈಲ್ ಓಗೊಡುತ್ತಿದೆ ಅಂತ ಗೊತ್ತಾಗುತ್ತದೆ. ಕಂಪೈಲ್ ಮಾಡಿದಾಗ ಹುಟ್ಟುವ ಲಾಗ್ ಫೈಲ್‌ನಲ್ಲೂ ಇರುತ್ತದೆ. ಲೋಡ್ ಆದ ಪ್ರತಿ ಫೈಲ್‌ನ ಪೂರ್ತಿ ದಾರಿ ಅಲ್ಲಿ ಕಂಸದೊಳಗೆ ಸಿಗುತ್ತದೆ. ದಾರಿ ಚುಕ್ಕಿ-ಸ್ಲ್ಯಾಷ್‌ನಿಂದ ಶುರುವಾಗಿದ್ದರೆ ಅದು ನಿಮ್ಮ ಫೋಲ್ಡರ್‌ನದ್ದೇ.

ಮೊದಲನೆಯ ಸಮಸ್ಯೆ ಬಗ್ಗೆ ಉಬುಂಟು ಗೊತ್ತಿದ್ದವರು ಹೇಳಲಿ. ನಾನು ಆಪ್ಟ್‌ನಿಂದ ಟೆಕ್ ಹಾಕುವುದನ್ನು ಬಿಟ್ಟು ವರ್ಷಗಳಾದವು.

ಚಳ್ಳಕೆರೆ ಶೇಂಗಾ · ಸೋಮವಾರ ಬೆಳಿಗ್ಗೆ 6:50

ಉಬುಂಟು ನನ್ನ ಪಾಲು. ಬೆಳಿಗ್ಗೆ ಕರೆಂಟ್ ಇರುವಾಗಲೇ ಬರೆಯುತ್ತೇನೆ.

ಆಪ್ಟ್ ಒಂದು ಅಂಗಡಿ, ಟಿಎಲ್‌ಎಂಜಿಆರ್ ಇನ್ನೊಂದು ಅಂಗಡಿ. ಒಂದರ ಲೆಕ್ಕದ ಪುಸ್ತಕ ಇನ್ನೊಂದಕ್ಕೆ ಗೊತ್ತಿಲ್ಲ. ಉಬುಂಟು 20.04ರಲ್ಲಿ ಟೆಕ್ ಲೈವ್ 2019 ಇದೆ, 22.04ರಲ್ಲಿ 2021, 24.04ರಲ್ಲಿ 2023. ಆ ಉಬುಂಟು ಇರುವವರೆಗೂ ಅದೇ ವರ್ಷದ ಟೆಕ್. ಟಿಎಲ್‌ಎಂಜಿಆರ್ ಮಾತ್ರ ಈ ವರ್ಷದ ರೆಪಾಸಿಟರಿಗೆ ಫೋನ್ ಮಾಡುತ್ತದೆ. ಅಲ್ಲಿಂದ "ನೀವು ಹಳಬರು, ವ್ಯವಹಾರ ಇಲ್ಲ" ಅಂತ ಉತ್ತರ ಬರುತ್ತದೆ. ನಿಮಗಾದದ್ದು ಅದೇ.

ಸದ್ಯಕ್ಕೆ ಸುಲಭದ ದಾರಿ: ಎಂಎಚ್‌ಕೆಮ್ ಇರುವುದು 'ಟೆಕ್ಸ್‌ಲೈವ್-ಸೈನ್ಸ್' ಅನ್ನುವ ಆಪ್ಟ್ ಕಟ್ಟಿನಲ್ಲಿ. ಎಸ್‌ಐಯುನಿಟೆಕ್ಸ್ ಕೂಡ ಅದರಲ್ಲೇ ಇದೆ. ಅದೊಂದನ್ನು ಹಾಕಿ, ಎರಡೂ ಬರುತ್ತವೆ. ರಚನಾಸೂತ್ರ ಬಿಡಿಸುವ ಕೆಮ್‌ಫಿಗ್ ಬೇಕಾದರೆ ಅದು 'ಟೆಕ್ಸ್‌ಲೈವ್-ಪಿಕ್ಚರ್ಸ್' ಕಟ್ಟಿನಲ್ಲಿದೆ. ಯಾವ ಫೈಲ್ ಯಾವ ಕಟ್ಟಿನಲ್ಲಿದೆ ಅಂತ ಗೊತ್ತಾಗದಿದ್ದರೆ 'ಆಪ್ಟ್-ಫೈಲ್' ಹಾಕಿಕೊಂಡು ಅದರಲ್ಲಿ ಹುಡುಕಿ.

ಮಂಡಕ್ಕಿ ಮಿರ್ಚಿ · ಸೋಮವಾರ ಬೆಳಿಗ್ಗೆ 8:05

ವಿಂಡೋಸ್‌ನಲ್ಲಿ ಮಿಕ್‌ಟೆಕ್ (ಟೆಕ್ ಲೈವ್ ಥರದ್ದೇ ಇನ್ನೊಂದು ಕಟ್ಟು) ಹಾಕಿದರೆ ಈ ರಗಳೆಯೇ ಇಲ್ಲ. ಪ್ಯಾಕೇಜ್ ಇಲ್ಲದಿದ್ದರೆ ಅದೇ ನೆಟ್‌ನಿಂದ ತಂದು ಹಾಕಿಕೊಳ್ಳುತ್ತದೆ. ನಾವು ಬೆಣ್ಣೆ ದೋಸೆ ತಿಂದು ಬರುವಷ್ಟರಲ್ಲಿ ಪಿಡಿಎಫ್ ರೆಡಿ.

ಚಳ್ಳಕೆರೆ ಶೇಂಗಾ · ಸೋಮವಾರ ಬೆಳಿಗ್ಗೆ 8:20

ನೆಟ್ ಇದ್ದರೆ ಮಾತ್ರ. ಪ್ರಾಕ್ಸಿ ಹಿಂದೆ ಇರುವ ಲ್ಯಾಬ್‌ನಲ್ಲಿ ಒಮ್ಮೆ ಪ್ರಯತ್ನ ಮಾಡಿ ನೋಡಿ.

ಮಂಡಕ್ಕಿ ಮಿರ್ಚಿ · ಸೋಮವಾರ ಬೆಳಿಗ್ಗೆ 8:41

ಅದು ಒಪ್ಪಿದೆ. ಇನ್ನೊಂದು ಸತ್ಯವನ್ನೂ ಹೇಳಿಬಿಡುತ್ತೇನೆ. ಮಿಕ್‌ಟೆಕ್ ಅನ್ನು ಎಲ್ಲಾ ಬಳಕೆದಾರರಿಗೆ ಅಂತ ಹಾಕಿದ್ದರೆ ಅಪ್‌ಡೇಟ್ ಎರಡು ಕಡೆ ಆಗಬೇಕು. ಕನ್ಸೋಲ್ ಅನ್ನು ಅಡ್ಮಿನ್ ಆಗಿ ತೆರೆದು ಒಮ್ಮೆ, ಮಾಮೂಲಿ ಬಳಕೆದಾರರಾಗಿ ಇನ್ನೊಮ್ಮೆ. ನಾನು ಆರು ತಿಂಗಳು ಒಂದೇ ಕಡೆ ಮಾಡುತ್ತಿದ್ದೆ. ಅರ್ಧ ಪ್ಯಾಕೇಜ್ ಹೊಸದು, ಅರ್ಧ ಹಳೆಯದು. ಎರರ್ ಬಂದರೆ ಯಾರನ್ನು ಹಿಡಿಯೋದು ಅಂತಲೇ ಗೊತ್ತಾಗುತ್ತಿರಲಿಲ್ಲ. ಈಗ ನನ್ನ ಖಾತೆಗೆ ಮಾತ್ರ ಅಂತ ಹಾಕಿಕೊಂಡಿದ್ದೇನೆ, ನೆಮ್ಮದಿ.

ತೋಳಹುಣಸೆ ಬಸ್ · ಸೋಮವಾರ ಸಂಜೆ 7:10

ಕಲ್ಲಿನ ಕೋಟೆ ಅವರ ಗುಮಾನಿ ನಿಜ. ಕೆಪಿಎಸ್‌ಇವಿಚ್ ಕೇಳಿದರೆ ಥೀಸಿಸ್ ಫೋಲ್ಡರ್‌ನ ಫೈಲೇ ಬಂತು. ತೆರೆದು ನೋಡಿದರೆ ಒಳಗೆ ಎರಡನೇ ಆವೃತ್ತಿ ಅಂತ ಬರೆದಿದೆ. ಅದನ್ನು ಬೇರೆ ಕಡೆ ಎತ್ತಿಟ್ಟೆ. ಟೆಕ್ಸ್‌ಲೈವ್-ಸೈನ್ಸ್ ಹಾಕಿದೆ, ಎಂಎಚ್‌ಕೆಮ್ ಸಿಕ್ಕಿತು.

ಆದರೆ ಕ್ಯೂಟಿವೈ ಇನ್ನೂ ಹಟ ಮಾಡುತ್ತಿದೆ. ಈಗ ಎರರ್ ಬೇರೆ ಥರ. ಲಾಗ್‌ನಲ್ಲಿ ಎಸ್‌ಐಯುನಿಟೆಕ್ಸ್ ಕಡೆಯಿಂದ ಫಿಸಿಕ್ಸ್ ಅಂತ ಏನೋ ಒಂದು ಎಚ್ಚರಿಕೆ ಇದೆ. ನಾನು ಕೆಮಿಸ್ಟ್ರಿಯವನು ಸ್ವಾಮಿ, ಫಿಸಿಕ್ಸ್ ಎಲ್ಲಿಂದ ಬಂತು?

ಕಲ್ಲಿನ ಕೋಟೆ · ಸೋಮವಾರ ರಾತ್ರಿ 9:02

ಸೀನಿಯರ್ ಪ್ರೀಆಂಬಲ್‌ನಿಂದ (ದಾಖಲೆಯ ತಲೆಯಲ್ಲಿ ಪ್ಯಾಕೇಜ್‌ಗಳನ್ನು ಕರೆಯುವ ಭಾಗ) ಬಂತು! ಯೂಸ್‌ಪ್ಯಾಕೇಜ್ ಸಾಲುಗಳನ್ನು ನೋಡಿ, ಫಿಸಿಕ್ಸ್ ಅನ್ನುವ ಪ್ಯಾಕೇಜ್ ಇರುತ್ತದೆ.

ಅದರಲ್ಲೂ ಕ್ಯೂಟಿವೈ ಅನ್ನುವ ಆಜ್ಞೆ ಇದೆ. ಆದರೆ ಅರ್ಥ ಬೇರೆ. ಎಸ್‌ಐಯುನಿಟೆಕ್ಸ್‌ನಲ್ಲಿ ಅದು ಸಂಖ್ಯೆ ಮತ್ತು ಮಾನ. ಫಿಸಿಕ್ಸ್‌ನಲ್ಲಿ ಅದು ತಾನಾಗಿ ಹಿಗ್ಗುವ ಆವರಣ ಚಿಹ್ನೆ. ಒಂದೇ ಹೆಸರಿಗೆ ಇಬ್ಬರು ವಾರಸುದಾರರು. ಫಿಸಿಕ್ಸ್ ಇರುವುದನ್ನು ಕಂಡರೆ ಎಸ್‌ಐಯುನಿಟೆಕ್ಸ್ ಮರ್ಯಾದೆಯಿಂದ ಹಿಂದೆ ಸರಿದು, ಒಂದು ಎಚ್ಚರಿಕೆ ಬರೆದು ಸುಮ್ಮನಾಗುತ್ತದೆ. ಎಚ್ಚರಿಕೆಗಳನ್ನು ನಾವ್ಯಾರೂ ಓದುವುದಿಲ್ಲ, ಅಲ್ವಾ?

ನಿಮ್ಮ ಥೀಸಿಸ್‌ನಲ್ಲಿ ಫಿಸಿಕ್ಸ್‌ನ ಆಜ್ಞೆಗಳಿಲ್ಲದಿದ್ದರೆ ಆ ಸಾಲನ್ನೇ ಕಿತ್ತು ಹಾಕಿ. ಇದ್ದರೆ, ದಾಖಲೆ ಶುರುವಾಗುವ ಹಂತದಲ್ಲಿ ಕ್ಯೂಟಿವೈ ಅನ್ನು ಎಸ್‌ಐ ಆಜ್ಞೆಯ ನಕಲಾಗಿ ಮರುಹೆಸರಿಸಬಹುದು. ಹಳೆಯ ಎಸ್‌ಐ ಆಜ್ಞೆ ಮೂರನೇ ಆವೃತ್ತಿಯಲ್ಲೂ ಕೆಲಸ ಮಾಡುತ್ತದೆ.

ಪ್ರೀಆಂಬಲ್‌ನಲ್ಲಿ ಒಟ್ಟು ಎಷ್ಟು ಪ್ಯಾಕೇಜ್ ಇವೆ?

ತೋಳಹುಣಸೆ ಬಸ್ · ಸೋಮವಾರ ರಾತ್ರಿ 9:09

31. ಕೆಲವು ಎರಡೆರಡು ಸಲ ಇವೆ.

ಮಂಡಕ್ಕಿ ಮಿರ್ಚಿ · ಸೋಮವಾರ ರಾತ್ರಿ 9:11

ಖಾರ ಮಂಡಕ್ಕಿಗೂ ಅಷ್ಟು ಸಾಮಾನು ಹಾಕಲ್ಲ.

ಕಲ್ಲಿನ ಕೋಟೆ · ಸೋಮವಾರ ರಾತ್ರಿ 9:48

ಒಂದೊಂದನ್ನೇ ಕಾಮೆಂಟ್ ಮಾಡಿ ಕಂಪೈಲ್ ಮಾಡಿ ನೋಡಿ. ಒಡೆಯದಿದ್ದರೆ, ಪುಟದ ರೂಪ ಬದಲಾಗದಿದ್ದರೆ ಅದು ಬೇಡ ಅಂತ ಅರ್ಥ. ನನ್ನ ಕೈಗೆ ಬಂದ ಒಂದು ಭೂವಿಜ್ಞಾನದ ಪ್ರಬಂಧದಲ್ಲಿ, ಅದು ನಮ್ಮ ಇಂಗಳದಾಳ್ ತಾಮ್ರದ ಗಣಿಯ ಅದಿರಿನ ಬಗ್ಗೆ, 26 ಪ್ಯಾಕೇಜ್ ಇದ್ದವು. ಕೊನೆಗೆ ಬೇಕಾದದ್ದು 9. ಚಾಲ್ಕೋಪೈರೈಟ್‌ನ ಸೂತ್ರಕ್ಕೆ ಆತ ಪ್ರತಿ ಸಲ ಕೈಯಾರೆ ಗಣಿತದ ಸಬ್‌ಸ್ಕ್ರಿಪ್ಟ್ ಹಾಕಿದ್ದ. ಎಂಎಚ್‌ಕೆಮ್ ಪ್ರೀಆಂಬಲ್‌ನಲ್ಲೇ ಇತ್ತು, ಒಂದು ಸಲವೂ ಬಳಸಿರಲಿಲ್ಲ! ಸಿಇ ಆಜ್ಞೆಯೊಳಗೆ ಸುಮ್ನೆ ಟೈಪ್ ಮಾಡಿದರೆ ಗಂಧಕದ ಪಕ್ಕದ 2 ತಾನಾಗಿಯೇ ಕೆಳಗಿಳಿಯುತ್ತದೆ.

ಕ್ರಮವೂ ಮುಖ್ಯ. ಲಿಂಕ್ ಮಾಡುವ ಹೈಪರ್‌ರೆಫ್ ಪ್ಯಾಕೇಜ್ ಬಹುತೇಕ ಕೊನೆಗೆ ಇರಲಿ. ಅಡ್ಡ ಉಲ್ಲೇಖಗಳಿಗೆ ಕ್ಲೆವರ್‌ರೆಫ್ ಬಳಸಿದರೆ ಅದು ಹೈಪರ್‌ರೆಫ್‌ಗಿಂತಲೂ ಆಮೇಲೆ.

ಹಿರಿಯೂರು ಮೇಷ್ಟ್ರು · ಮಂಗಳವಾರ ಸಂಜೆ 5:30

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಹೈಸ್ಕೂಲ್ ಗಣಿತ ಮೇಷ್ಟ್ರು. ಕುದಾಪುರದ ಐಐಎಸ್‌ಸಿ ಕ್ಯಾಂಪಸ್‌ಗೆ ಶಿಕ್ಷಕರ ತರಬೇತಿಗೆ ಹೋದಾಗ ಲೇಟೆಕ್ ಹೆಸರು ಕಿವಿಗೆ ಬಿತ್ತು. ಅಲ್ಲಿಂದ ಹುಚ್ಚು ಹಿಡಿಯಿತು. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಮಾಡಬೇಕು. ಕನ್ನಡಕ್ಕೆ ಯಾವ ಪ್ಯಾಕೇಜ್ ಹಾಕಬೇಕು? ಪಿಡಿಎಫ್‌ಲೇಟೆಕ್‌ನಲ್ಲಿ (ಲೇಟೆಕ್ ಓಡಿಸುವ ಮಾಮೂಲಿ ಎಂಜಿನ್) ಕನ್ನಡ ಬರೆದರೆ ಪುಟದ ತುಂಬಾ ಎರರ್. ಲುವಾಲೇಟೆಕ್ ಅನ್ನುವ ಇನ್ನೊಂದು ಎಂಜಿನ್‌ನಲ್ಲಿ ಅಕ್ಷರ ಬಂತು, ಆದರೆ ಒತ್ತಕ್ಷರ ಕೆಳಗೆ ಕೂರುತ್ತಿಲ್ಲ, ಪಕ್ಕಕ್ಕೆ ಬಂದು ನಿಂತಿದೆ. 'ವಿಸ್ತೀರ್ಣ' ನೋಡಲಾಗುತ್ತಿಲ್ಲ.

ಚಳ್ಳಕೆರೆ ಶೇಂಗಾ · ಮಂಗಳವಾರ ಸಂಜೆ 6:15

ಮೇಷ್ಟ್ರೇ, ಇಲ್ಲಿ ಎರಡು ವಿಷಯ ಬೇರೆ ಬೇರೆ. ಫಾಂಟ್ ಅನ್ನುವುದು ಪ್ಯಾಕೇಜ್ ಅಲ್ಲ. ಕನ್ನಡ ಫಾಂಟ್ ನಿಮ್ಮ ಕಂಪ್ಯೂಟರ್‌ಗೆ ಹಾಕಬೇಕು. ನೋಟೋ ಸೆರಿಫ್ ಕನ್ನಡ ಉಚಿತವಾಗಿ ಸಿಗುತ್ತದೆ. ವಿಂಡೋಸ್‌ನಲ್ಲಿ ತುಂಗಾ ಇದ್ದರೂ ಆದೀತು. ಆ ಫಾಂಟ್ ಅನ್ನು ಲೇಟೆಕ್‌ಗೆ ಪರಿಚಯ ಮಾಡಿಸುವುದು ಫಾಂಟ್‌ಸ್ಪೆಕ್ ಪ್ಯಾಕೇಜ್.

ಒತ್ತಕ್ಷರ ಪಕ್ಕಕ್ಕೆ ನಿಲ್ಲುವುದಕ್ಕೆ ಕಾರಣ, ಲುವಾಲೇಟೆಕ್ ತನ್ನ ಮಾಮೂಲಿ ವಿಧಾನದಲ್ಲಿ ಕನ್ನಡ ಜೋಡಿಸಲು ಹೋಗಿದೆ. ಫಾಂಟ್ ಕರೆಯುವ ಸಾಲಿನಲ್ಲಿ ರೆಂಡರರ್ (ಅಕ್ಷರ ಜೋಡಿಸುವ ಭಾಗ) ಅನ್ನು ಹಾರ್ಫ್‌ಬಝ್ ಅಂತ, ಸ್ಕ್ರಿಪ್ಟ್ ಅನ್ನು ಕನ್ನಡ ಅಂತ ಹೇಳಿ. ಟೆಕ್ ಲೈವ್ 2020ರಿಂದ ಈಚೆಗೆ ಲುವಾಲೇಟೆಕ್‌ನೊಳಗೇ ಹಾರ್ಫ್‌ಬಝ್ ಇದೆ, ಬೇರೆ ಏನೂ ಹಾಕಬೇಕಿಲ್ಲ. ಇಲ್ಲದಿದ್ದರೆ ಝೀಲೇಟೆಕ್ ಎಂಜಿನ್ ಬಳಸಿ. ಅದರಲ್ಲಿ ರೆಂಡರರ್ ಹೇಳುವುದೇ ಬೇಡ, ಸ್ಕ್ರಿಪ್ಟ್ ಮಾತ್ರ ಹೇಳಿ.

ಹಿರಿಯೂರು ಮೇಷ್ಟ್ರು · ಮಂಗಳವಾರ ರಾತ್ರಿ 8:40

ಕೂತಿತು! ಒತ್ತು ಕೂತಿತು! ಆದರೆ ನನ್ನ ಹಳೆ ಪ್ರಶ್ನೆಪತ್ರಿಕೆಗಳಿಂದ ಕಾಪಿ ಮಾಡಿದ ಸಾಲುಗಳು ಮಾತ್ರ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ.

ಕಲ್ಲಿನ ಕೋಟೆ · ಮಂಗಳವಾರ ರಾತ್ರಿ 8:58

ಅವು ಹಳೆಯ ನುಡಿ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದಿರಬೇಕು. ಒಳಗಿರುವುದು ಕನ್ನಡ ಅಲ್ಲ, ಇಂಗ್ಲಿಷ್ ಸಂಕೇತಗಳು. ಕನ್ನಡದ ಹಾಗೆ ತೋರಿಸುತ್ತಿದ್ದದ್ದು ಆ ಫಾಂಟ್ ಮಾತ್ರ. ನುಡಿಯ ಜೊತೆಗೇ ಬರುವ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಅಂಟಿಸಿ. ಯಾವ ಪ್ಯಾಕೇಜ್ ಹಾಕಿದರೂ ಈ ಕಾಯಿಲೆ ವಾಸಿಯಾಗುವುದಿಲ್ಲ. ಪರಿವರ್ತನೆಯಾದ ಮೇಲೂ ಒಮ್ಮೆ ಕಣ್ಣು ಹಾಯಿಸಿ. ಅರ್ಕಾವತ್ತು ಮತ್ತು ಅಂಕಿಗಳ ಹತ್ತಿರ ಜಾಸ್ತಿ ಹುಷಾರು.

ತೋಳಹುಣಸೆ ಬಸ್ · ಬುಧವಾರ ಮಧ್ಯಾಹ್ನ 1:25

ಫಿಸಿಕ್ಸ್ ಕಿತ್ತು ಹಾಕಿದೆ, ಕ್ಯೂಟಿವೈ ಸರಿಯಾಯಿತು. 31 ಇದ್ದದ್ದು 14ಕ್ಕೆ ಇಳಿಯಿತು.

ಈಗ ನನ್ನ ಮೂಲ ಪ್ರಶ್ನೆ. ಪೆನ್‌ಡ್ರೈವ್‌ನ ಫೈಲ್‌ಗಳಲ್ಲಿ ಕೆಲವು ಎಲ್ಲೂ ಸಿಗದಂಥವು. ಥೀಸಿಸ್‌ನ ಕ್ಲಾಸ್ ಫೈಲ್, ಸೀನಿಯರ್ ತಾವೇ ಬರೆದ ಒಂದು ಸ್ಟೈಲ್, ಒಂದು ಜರ್ನಲ್‌ನ ಬಿಎಸ್‌ಟಿ ಫೈಲ್. ಥೀಸಿಸ್, ಎರಡು ಪೇಪರ್, ಒಂದು ಪೋಸ್ಟರ್, ಎಲ್ಲದಕ್ಕೂ ಇವೇ ಬೇಕು. ಪ್ರತಿ ಫೋಲ್ಡರ್‌ಗೂ ಕಾಪಿ ಮಾಡಬೇಕಾ? ಹೋಮ್‌ನಲ್ಲಿ ಟೆಕ್ಸ್‌ಎಂಎಫ್ ಫೋಲ್ಡರ್ ಮಾಡಿ ಎಲ್ಲಾ ಹಾಕಿದೆ. ಒಂದೂ ಸಿಗುತ್ತಿಲ್ಲ.

ಕಲ್ಲಿನ ಕೋಟೆ · ಬುಧವಾರ ರಾತ್ರಿ 10:05

ಊಟ ಮುಗಿಸಿ ಕೂತಿದ್ದೇನೆ, ಉದ್ದ ಬರೆಯುತ್ತೇನೆ.

ಜಾಗ ಸರಿ, ಮನೆ ಕಟ್ಟಿದ ರೀತಿ ತಪ್ಪು. ಟೆಕ್ಸ್‌ಎಂಎಫ್ ಫೋಲ್ಡರ್‌ನೊಳಗೆ ಫೈಲ್‌ಗಳನ್ನು ಹಾಗೇ ಸುರಿದರೆ ಲೇಟೆಕ್ ನೋಡುವುದಿಲ್ಲ. ಅದಕ್ಕೊಂದು ನಿಗದಿಯಾದ ಒಳವಿನ್ಯಾಸ ಇದೆ, ಟಿಡಿಎಸ್ ಅಂತ ಕರೆಯುತ್ತಾರೆ. ಸ್ಟೈಲ್ ಮತ್ತು ಕ್ಲಾಸ್ ಫೈಲ್‌ಗಳು ಟೆಕ್ಸ್‌ಎಂಎಫ್ ಒಳಗೆ 'ಟೆಕ್ಸ್', ಅದರೊಳಗೆ 'ಲೇಟೆಕ್ಸ್', ಅದರೊಳಗೆ ನಿಮ್ಮಿಷ್ಟದ ಹೆಸರಿನ ಒಂದು ಫೋಲ್ಡರ್. ಬಿಎಸ್‌ಟಿ ಫೈಲ್ ಅಲ್ಲಿಟ್ಟರೆ ಸಿಗುವುದಿಲ್ಲ. ಅದನ್ನು ಹುಡುಕುವುದು ಗ್ರಂಥಸೂಚಿ ಮಾಡುವ ಬಿಬ್‌ಟೆಕ್, ಅದರ ಓಣಿ ಬೇರೆ. ಟೆಕ್ಸ್‌ಎಂಎಫ್ ಒಳಗೆ 'ಬಿಬ್‌ಟೆಕ್ಸ್', ಅದರೊಳಗೆ 'ಬಿಎಸ್‌ಟಿ'. ಅಡುಗೆಮನೆ, ದೇವರಮನೆ ಬೇರೆ ಬೇರೆ ಇದ್ದ ಹಾಗೆ.

ಹೋಮ್‌ನ ಈ ಫೋಲ್ಡರ್‌ಗೆ ಒಂದು ಅನುಕೂಲ ಇದೆ. ಫೈಲ್ ಇಟ್ಟ ತಕ್ಷಣ ಸಿಗುತ್ತದೆ, ಬೇರೇನೂ ಮಾಡಬೇಕಿಲ್ಲ. ಇಡೀ ಯಂತ್ರದ ಲೋಕಲ್ ಫೋಲ್ಡರ್‌ನಲ್ಲಿ ಇಟ್ಟರೆ ಮಾತ್ರ 'ಎಂಕೆಟೆಕ್ಸ್‌ಎಲ್‌ಎಸ್‌ಆರ್' ಓಡಿಸಿ ಫೈಲ್‌ಗಳ ಪಟ್ಟಿ ಹೊಸದು ಮಾಡಬೇಕು. ನಿಮಗೆ ಅದರ ತಂಟೆ ಬೇಡ. ಹೋಮ್‌ನ ಫೋಲ್ಡರ್ ನಿಜವಾಗಿ ಎಲ್ಲಿದೆ ಅಂತ ಅನುಮಾನ ಬಂದರೆ ಕೆಪಿಎಸ್‌ಇವಿಚ್‌ಗೆ 'ವಾರ್-ವ್ಯಾಲ್ಯೂ' ಆಯ್ಕೆ ಕೊಟ್ಟು ಟೆಕ್ಸ್‌ಎಂಎಫ್‌ಹೋಮ್ ಅಂತ ಕೇಳಿ. ಲಿನಕ್ಸ್‌ನಲ್ಲಿ ಹೋಮ್ ಕೆಳಗೇ ಇರುತ್ತದೆ. ಮ್ಯಾಕ್‌ನಲ್ಲಿ ಲೈಬ್ರರಿ ಫೋಲ್ಡರ್ ಒಳಗೆ.

ಈಗ ಮುಖ್ಯ ಮಾತು. ಅಲ್ಲಿ ನಿಮ್ಮದು ಮಾತ್ರ ಇಡಿ. ಬೇರೆಲ್ಲೂ ಸಿಗದ ಆ ಮೂರು ಫೈಲ್ ಅಷ್ಟೇ. ಉಳಿದ ಫೈಲ್‌ಗಳನ್ನೂ ಅಲ್ಲಿಗೆ ಸಾಗಿಸಿದರೆ ಥೀಸಿಸ್ ಫೋಲ್ಡರ್‌ನ ಕಾಯಿಲೆಯನ್ನು ಇಡೀ ಮನೆಗೆ ಹಬ್ಬಿಸಿದ ಹಾಗೆ. ಆಗ ಒಂದು ಪೇಪರ್ ಅಲ್ಲ, ನೀವು ಬರೆಯುವ ಪ್ರತಿಯೊಂದಕ್ಕೂ 2017ರ ಪ್ಯಾಕೇಜ್ ಓಗೊಡುತ್ತದೆ. ನಾನೇ ಹೀಗೆ ಮಾಡಿ ಎರಡು ವರ್ಷ ಒದ್ದಾಡಿದ್ದೇನೆ. ಯಾವುದೋ ಒಂದು ಸಂಜೆಯ ತುರ್ತಿಗೆ ಒಂದು ಫೈಲ್ ಇಟ್ಟೆ, ಮರೆತೆ. ಆಮೇಲೆ ಟೆಕ್ ಲೈವ್ ಅನ್ನು ಎರಡು ಸಲ ಅಳಿಸಿ ಹೊಸದಾಗಿ ಹಾಕಿದರೂ ಅದೇ ಎರರ್. ಹೋಮ್‌ನ ಫೋಲ್ಡರ್ ಅನ್ನು ಟೆಕ್ ಲೈವ್ ಮುಟ್ಟುವುದೇ ಇಲ್ಲ ಅಂತ ಆಗ ಗೊತ್ತಿರಲಿಲ್ಲ.

ನಿಮ್ಮ ಫೈಲ್‌ಗೆ ಹೆಸರಿಡುವಾಗ ಮುಂದೆ ಏನಾದರೂ ಗುರುತು ಸೇರಿಸಿ. 'ಕೆಮಿಸ್ಟ್ರಿ' ಅಂತಲೋ 'ಥೀಸಿಸ್' ಅಂತಲೋ ಬರೀ ಹೆಸರಿಟ್ಟರೆ ನಾಳೆ ಅದೇ ಹೆಸರಿನ ನಿಜವಾದ ಪ್ಯಾಕೇಜ್ ಎದುರಾಗಬಹುದು. ನೆಟ್‌ನಲ್ಲಿ ಲೇಟೆಕ್ ಪ್ಯಾಕೇಜ್‌ಗಳನ್ನು ಇಟ್ಟಿರುವ ಸಿಟಿಎಎನ್ ಉಗ್ರಾಣದಲ್ಲಿ 6,000ಕ್ಕೂ ಹೆಚ್ಚು ಪ್ಯಾಕೇಜ್ ಇವೆ.

ಇನ್ನೊಂದು. ಪೇಪರ್ ಅನ್ನು ಜರ್ನಲ್‌ಗೆ ಕಳಿಸುವಾಗ ಮಾತ್ರ ಆ ಮೂರು ಫೈಲ್‌ನ ನಕಲು ಪೇಪರ್ ಫೋಲ್ಡರ್‌ನಲ್ಲಿ ಇರಲಿ. ಅವರ ಯಂತ್ರದಲ್ಲಿ ನಿಮ್ಮ ಹೋಮ್ ಇರುವುದಿಲ್ಲ. ದಾಖಲೆಯ ಶುರುವಿಗೆ 'ಲಿಸ್ಟ್‌ಫೈಲ್ಸ್' ಆಜ್ಞೆ ಹಾಕಿದರೆ ಬಳಸಿದ ಎಲ್ಲಾ ಫೈಲ್‌ಗಳ ಪಟ್ಟಿ ಆವೃತ್ತಿ ಸಮೇತ ಲಾಗ್‌ನಲ್ಲಿ ಬರುತ್ತದೆ.

ಮಂಡಕ್ಕಿ ಮಿರ್ಚಿ · ಬುಧವಾರ ರಾತ್ರಿ 10:30

ಮಿಕ್‌ಟೆಕ್‌ನವರಿಗೆ: ಫೋಲ್ಡರ್ ವಿನ್ಯಾಸ ಇದೇ. ಆದರೆ ಕನ್ಸೋಲ್‌ನ ಸೆಟ್ಟಿಂಗ್ಸ್‌ನಲ್ಲಿ ಡೈರೆಕ್ಟರೀಸ್‌ಗೆ ಹೋಗಿ ಆ ಫೋಲ್ಡರ್ ಅನ್ನು ನಾವೇ ಸೇರಿಸಬೇಕು. ಆಮೇಲೆ ಫೈಲ್ ಹೆಸರುಗಳ ಡೇಟಾಬೇಸ್ ರಿಫ್ರೆಶ್ ಮಾಡಬೇಕು. ಸೇರಿಸಬೇಕಾದದ್ದು ಮೇಲಿನ ಟೆಕ್ಸ್‌ಎಂಎಫ್ ಫೋಲ್ಡರ್, ಒಳಗಿನ ಲೇಟೆಕ್ಸ್ ಅಲ್ಲ.

ತೋಳಹುಣಸೆ ಬಸ್ · ಗುರುವಾರ ಬೆಳಿಗ್ಗೆ 9:15

ಬಸ್‌ನಲ್ಲಿ ಕೂತು ಓದಿದೆ, ಲ್ಯಾಬ್‌ಗೆ ಬಂದು ಮಾಡಿದೆ. ಮೂರೂ ಸಿಕ್ಕವು! ಉಳಿದ ಫೈಲ್‌ಗಳೆಲ್ಲ ಡಿಲೀಟ್. ಒಂದೆರಡು ಪ್ಯಾಕೇಜ್ ಮಾತ್ರ ಈಗಲೂ ಆಪ್ಟ್‌ನಲ್ಲಿ ಹಳೆಯವು. ಹೊಸದು ಬೇಕೆಂದರೆ ಸಿಟಿಎಎನ್‌ನಿಂದ ತಂದ ಜಿಪ್‌ನಲ್ಲಿ ಸ್ಟೈಲ್ ಫೈಲೇ ಇಲ್ಲ, ಡಿಟಿಎಕ್ಸ್ ಮತ್ತು ಐಎನ್‌ಎಸ್ ಅಂತ ಎರಡು ಫೈಲ್ ಇವೆ.

ಚಳ್ಳಕೆರೆ ಶೇಂಗಾ · ಗುರುವಾರ ಬೆಳಿಗ್ಗೆ 9:50

ಐಎನ್‌ಎಸ್ ಫೈಲ್ ಮೇಲೆ ಲೇಟೆಕ್ ಓಡಿಸಿದರೆ ಸ್ಟೈಲ್ ಫೈಲ್ ಹುಟ್ಟುತ್ತದೆ. ಡಿಟಿಎಕ್ಸ್ ಮೇಲೆ ಓಡಿಸಿದರೆ ಕೈಪಿಡಿ ಬರುತ್ತದೆ. ಆದರೆ ಈ ದಾರಿ ಒಂದೆರಡು ಪ್ಯಾಕೇಜ್‌ಗೆ ಸರಿ. ಜಾಸ್ತಿ ಹೊಸವು ಬೇಕಾದರೆ ಆಪ್ಟ್‌ನ ಟೆಕ್ ಬಿಟ್ಟು ಮೂಲ ಟೆಕ್ ಲೈವ್ ಅನ್ನೇ ಹೋಮ್‌ನಲ್ಲಿ ಹಾಕಿಕೊಳ್ಳಿ. ಸುಡೋ (ಅಡ್ಮಿನ್ ಅನುಮತಿ) ಕೂಡ ಬೇಡ. ಪಾತ್‌ನಲ್ಲಿ (ಆಜ್ಞೆಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಅದರ ಬಿನ್ ಫೋಲ್ಡರ್ ಮೊದಲಿರಲಿ, ಅಷ್ಟೇ. ಪೂರ್ತಿ ಹಾಕಿದರೆ 8 ಜಿಬಿ ಆಸುಪಾಸು. ಕೈಪಿಡಿ ಮತ್ತು ಸೋರ್ಸ್ ಬೇಡ ಅಂದರೆ ಸುಮಾರು ಅರ್ಧ ಉಳಿಯುತ್ತದೆ. ಆದರೆ ಕೈಪಿಡಿ ಬಿಡಬೇಡಿ ಅಂತ ನನ್ನ ಸಲಹೆ. ನೆಟ್ ಇಲ್ಲದ ಹಾಸ್ಟೆಲ್‌ನಲ್ಲಿ 'ಟೆಕ್ಸ್‌ಡಾಕ್ ಎಂಎಚ್‌ಕೆಮ್' ಅಂದರೆ ಪುಸ್ತಕವೇ ತೆರೆಯುತ್ತದೆ.

ಆಗ ಟಿಎಲ್‌ಎಂಜಿಆರ್ ನಿಮ್ಮ ಮಾತು ಕೇಳುತ್ತದೆ. ಒಂದು ಎಚ್ಚರ. ಫೈಲ್ ಹೆಸರು, ಪ್ಯಾಕೇಜ್ ಹೆಸರು ಯಾವಾಗಲೂ ಒಂದೇ ಅಲ್ಲ. 'ಟಿಕ್‌ಝ್' ಇನ್‌ಸ್ಟಾಲ್ ಮಾಡು ಅಂದರೆ ಅಂಥದ್ದಿಲ್ಲ ಅನ್ನುತ್ತದೆ, ಅದು ಇರುವುದು 'ಪಿಜಿಎಫ್' ಪ್ಯಾಕೇಜ್‌ನಲ್ಲಿ. ಗ್ರಾಫಿಕ್ಸ್-ಎಕ್ಸ್ ಇರುವುದು 'ಗ್ರಾಫಿಕ್ಸ್'ನಲ್ಲಿ. ಟ್ಯಾಬ್ಯುಲರ್-ಎಕ್ಸ್ ಇರುವುದು 'ಟೂಲ್ಸ್'ನಲ್ಲಿ. ಟಿಎಲ್‌ಎಂಜಿಆರ್ ಸರ್ಚ್‌ಗೆ ಗ್ಲೋಬಲ್ ಮತ್ತು ಫೈಲ್ ಆಯ್ಕೆ ಕೊಟ್ಟು ಹುಡುಕಿ.

ಕಲ್ಲಿನ ಕೋಟೆ · ಗುರುವಾರ ಮಧ್ಯಾಹ್ನ 2:10

ಮತ್ತೆ, ಥೀಸಿಸ್ ಸಲ್ಲಿಸುವ ತಿಂಗಳಲ್ಲಿ ಅಪ್‌ಡೇಟ್ ಬೇಡ. ಟೆಕ್ ಲೈವ್ ವರ್ಷಕ್ಕೊಂದು ಫೋಲ್ಡರ್‌ನಲ್ಲಿ ಕೂರುತ್ತದೆ. ಹಳೆ ವರ್ಷದ್ದನ್ನು ಅಳಿಸದೆ ಹೊಸದನ್ನು ಪಕ್ಕದಲ್ಲೇ ಹಾಕಬಹುದು. ಕೈಕೊಟ್ಟರೆ ಪಾತ್ ಬದಲಿಸಿ ಹಿಂದಕ್ಕೆ ಬರಬಹುದು.

ತೋಳಹುಣಸೆ ಬಸ್ · ಗುರುವಾರ ಮಧ್ಯಾಹ್ನ 2:16

ದಿನಕ್ಕೆ ಒಂದೂವರೆ ಜಿಬಿ ಮೊಬೈಲ್ ಡೇಟಾದಲ್ಲಿ 8 ಜಿಬಿ ಯಾವಾಗ ಇಳಿಸಲಿ?

ಚಳ್ಳಕೆರೆ ಶೇಂಗಾ · ಗುರುವಾರ ಮಧ್ಯಾಹ್ನ 2:40

ಇಡೀ ಟೆಕ್ ಲೈವ್ ಒಂದೇ ಫೈಲ್‌ನಲ್ಲಿರುವ ಐಎಸ್‌ಒ ಸಿಗುತ್ತದೆ, 6 ಜಿಬಿ ಆಸುಪಾಸು. ಒಬ್ಬರು ಒಳ್ಳೆ ನೆಟ್ ಇರುವ ಕಡೆ ಇಳಿಸಿದರೆ ಸಾಕು, ಉಳಿದವರು ಪೆನ್‌ಡ್ರೈವ್‌ನಿಂದ ಹಾಕಿಕೊಳ್ಳಬಹುದು. ಎಲ್ಲವೂ ಮುಕ್ತ ತಂತ್ರಾಂಶ, ಹಂಚಲು ಅಡ್ಡಿಯಿಲ್ಲ.

ತೋಳಹುಣಸೆ ಬಸ್ · ಶನಿವಾರ ಸಂಜೆ 6:30

ಪಿ.ಜೆ. ಬಡಾವಣೆಯಲ್ಲಿ ಗೆಳೆಯನ ಮನೆಗೆ ಹೋಗಿ ಐಎಸ್‌ಒ ಇಳಿಸಿದೆ. ಲ್ಯಾಪ್‌ಟಾಪ್‌ಗೆ ಹಾಕಿದ್ದೂ ಆಯಿತು. ಥೀಸಿಸ್ ಪೂರ್ತಿ ಕಂಪೈಲ್ ಆಗುತ್ತಿದೆ. ಎರಡು ರೆಫರೆನ್ಸ್ ಮಾತ್ರ ಪ್ರಶ್ನೆಚಿಹ್ನೆ ತೋರಿಸುತ್ತಿವೆ, ಅದು ನನ್ನದೇ ಕೈತಪ್ಪು.

ಈಗ ಜೂನಿಯರ್ ಒಬ್ಬ ಪೆನ್‌ಡ್ರೈವ್ ಕೇಳುತ್ತಿದ್ದಾನೆ. ಸೀನಿಯರ್‌ನ ಅದೇ 16 ಜಿಬಿ ಪೆನ್‌ಡ್ರೈವ್ ಖಾಲಿ ಮಾಡಿ ಐಎಸ್‌ಒ ಹಾಕೋಣ ಅಂದರೆ ಕಾಪಿಯೇ ಆಗುತ್ತಿಲ್ಲ. ಜಾಗ ಇದ್ದರೂ ಫೈಲ್ ದೊಡ್ಡದು ಅನ್ನುತ್ತದೆ.

ಮಂಡಕ್ಕಿ ಮಿರ್ಚಿ · ಶನಿವಾರ ಸಂಜೆ 6:38

ಪೆನ್‌ಡ್ರೈವ್ ಫ್ಯಾಟ್32ರಲ್ಲಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ವಿಂಡೋಸ್, ಉಬುಂಟು ಎರಡರಲ್ಲೂ ತೆರೆಯುತ್ತದೆ. ಮೊದಲು ಆ ಮದುವೆ ಆಮಂತ್ರಣವನ್ನು ವಾಪಸ್ ಕೊಡಿ ಪಾಪ, ಅವರ ಹತ್ತಿರ ಬೇರೆ ಕಾಪಿ ಇಲ್ಲದಿದ್ದರೆ?

ತೋಳಹುಣಸೆ ಬಸ್ · ಶನಿವಾರ ಸಂಜೆ 7:20

ಕೊಟ್ಟೆ. ಅದು ಅವರ ಮದುವೆಯೂ ಅಲ್ಲವಂತೆ. ಪೆನ್‌ಡ್ರೈವ್ ಅವರಿಗೆ ಕೊಟ್ಟ ಸೀನಿಯರ್‌ದಂತೆ. ಐಎಸ್‌ಒ ಕಾಪಿ ಆಗುತ್ತಿದೆ, ಇನ್ನೂ 11 ನಿಮಿಷ ತೋರಿಸುತ್ತಿದೆ.